ವಿಶಾಲಮ್ಮ ಹುಟ್ಟಿಸಿದ ಆನೆ

ಜಾವಗಲ್ಲಿನ ವಿಶಾಲಮ್ಮನಿಗೆ ನಾಟಕವೆಂದರೆ ಪ್ರಾಣ. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದ ಆಕೆಗೆ ಬಿಡುವೆಂದರೆ ಭಾನುವಾರ ಮಧ್ಯಾಹ್ನ ಮಾತ್ರ. ಅದನ್ನೂ ಕೆಟ್ಟ ನಾಟಕವೊಂದು ನುಂಗಿಹಾಕಿದರೆ ವಾರವಿಡೀ ಹೊಲಿಗೆ ಯಂತ್ರದ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. ಹಾಗಾಗಿ ಅರಸೀಕೆರೆಯಲ್ಲಿ ನಾಟಕದ ಕಂಪನಿ ಟೆಂಟು ಹಾಕಿತೆಂದರೆ, ನೋಡಿ ಬಂದವರನ್ನು ವಿಚಾರಿಸದೆ ಬಸ್ಸು ಹತ್ತುತ್ತಿರಲಿಲ್ಲ. ಹಾಗೆಂದು ಅವರು ಹೇಳಿದ್ದನ್ನೆಲ್ಲ ನಂಬುವವಳೂ ಅಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ಬಂದ ಕಂಪನಿಯನ್ನು ಮೊದಲು ಹೊಗಳಿದವನು ಸೈಕಲ್ ಶಾಪಿನ ರೇವಣಸಿದ್ದಪ್ಪ.

"ಅಂಥಾ ನಾಟ್ಕ ಈ ಜನ್ಮದಾಗೆ ನೋಡಿಲ್ಲ ಕಣಮ್ಮ!"

ವಿಶಾಲಮ್ಮ ಸೂಜಿಗೆ ದಾರ ಪೋಣಿಸುತ್ತಾ ಕೇಳಿದಳು: "ಆನೆ ಬರೋ ಸೀನು ಹೆಂಗಿತ್ತು ಸಿದ್ದಪ್ಪಣ್ಣ?"

ಆ ಆನೆಯನ್ನು ಆಕೆ ಆಗಷ್ಟೇ ಹುಟ್ಟಿಸಿದ್ದಳು.

"ಅಯ್ಯೋ, ಆನೆನಾ! ಸೊಂಡ್ಲೆತ್ತಿ ಜನಕ್ಕೆಲ್ಲಾ ಸಲಾಮ್ ಹೊಡೀತು!"

ಇವನು ಟೆಂಟಿನ ಗೇಟನ್ನೂ ದಾಟಿಲ್ಲ ಎಂದು ಖಾತ್ರಿಯಾಯಿತು. ವಿಶಾಲಮ್ಮ ನಗು ನುಂಗಿಕೊಂಡು ತಲೆದೂಗಿದಳು.

ಮರುದಿನ ಅದೇ ಆನೆಯನ್ನು ತೆಂಗಿನಕಾಯಿ ಕೀಳುವ ಕರಿಯಯ್ಯನ ಮುಂದೆ ಬಿಟ್ಟಳು. ಅವನು ಕಕ್ಕಾಬಿಕ್ಕಿಯಾದ.

"ಯಾವ ಆನೆ ಅಕ್ಕ? ಅಲ್ಲಿರೋದು ಮುರುಕ್ಲು ಮಂಚ ಒಂದು. ಹೀರೋಯಿನ್ ಗಂಟ್ಲು ಬ್ಯಾರೆ ಕಟ್ಟೈತೆ. ಆದ್ರೆ ತಾಯಿ ಪಾರ್ಟ್ ಮಾಡೋ ಹೆಂಗ್ಸು ಬಂದ್ರೆ, ಬೀಡಿ ಹಚ್ಚೋದೂ ಮರ್ತೋಯ್ತದೆ."

ಕಟ್ಟಿದ ಗಂಟಲನ್ನೂ ಮುಚ್ಚಿಡದವನ ಮಾತು ನಂಬಬಹುದೆಂದು ವಿಶಾಲಮ್ಮ ಭಾನುವಾರ ಹೊರಟಳು.

ಟೆಂಟು ಕಿಕ್ಕಿರಿದಿತ್ತು. ಪಂಕ್ಚರ್ ಹಾಕಿಸಲು ಬಂದವರಿಗೆಲ್ಲ ರೇವಣಸಿದ್ದಪ್ಪ ಆನೆಯ ಕಥೆ ಹೇಳಿ ಕಳಿಸಿದ್ದ. ಹಾರನಹಳ್ಳಿಯಿಂದ ಮಕ್ಕಳುಮರಿ ಕಟ್ಟಿಕೊಂಡು ಬಂದವರು ಮೊದಲ ಅಂಕ ಮುಗಿಯುತ್ತಲೇ "ಆನೆ ಬಿಡ್ರೋ!" ಎಂದು ಶಿಳ್ಳೆ ಹಾಕತೊಡಗಿದರು. ಮ್ಯಾನೇಜರು ಪರದೆಯ ಸಂದಿಯಿಂದ ಇಣುಕಿ ಬೆವರಿದ. ವಿಶಾಲಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ನಗುವೋ ಹೆದರಿಕೆಯೋ ಆಕೆಗೇ ತಿಳಿಯಲಿಲ್ಲ. ಕೊನೆಗೆ ಹಾಸ್ಯನಟ ಇಬ್ಬರ ಮೇಲೆ ಕರಿಕಂಬಳಿ ಹೊದಿಸಿ, ಪ್ಯಾಂಟಿನ ಕಾಲೊಂದನ್ನು ಸೊಂಡಿಲಾಗಿ ಇಳಿಬಿಟ್ಟು ಎಳೆದುತಂದ. ಹಿಂಗಾಲಿನವನು ಎಡವಿ ಮುಂಗಾಲಿನವನಿಗೆ ಬೈದಾಗ ಜನ ಬಿದ್ದು ಬಿದ್ದು ನಕ್ಕರು.

ಮುಂದಿನ ಭಾನುವಾರ ಆಕೆ ಸೈಕಲ್ ಶಾಪಿಗೇ ಹೋದಳು. "ಇನ್ನೊಂದ್ಸಲ ನೋಡಾನ ಬಾರಣ್ಣ, ಟಿಕೀಟು ನಂದೇ."

ಬರುವುದಿಲ್ಲ ಎನ್ನಲು ರೇವಣಸಿದ್ದಪ್ಪನಿಗೆ ನೆಪ ಹೊಳೆಯಲಿಲ್ಲ. ಅವನನ್ನು ಮುಂದಿನ ಸಾಲಿನಲ್ಲೇ ಕೂರಿಸಿದಳು. ತಾಯಿಯ ಪಾತ್ರದವಳು ಸತ್ತ ಮಗನ ಚಪ್ಪಲಿಯನ್ನು ಎದೆಗವಚಿಕೊಂಡು ಹಾಡಿದಾಗ ಪಕ್ಕಕ್ಕೆ ತಿರುಗಿ ನೋಡಿದರೆ, ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ.

ಬಸ್ಸಿನಲ್ಲಿ ಯಾರೋ ಕೇಳಿದರು: "ಹೆಂಗಿತ್ತು ಸಿದ್ದಪ್ಪಣ್ಣ, ನಾಟ್ಕ?"

ಅವನು ಕಿಟಕಿಯಾಚೆ ನೋಡುತ್ತಾ, "ಹೋಗಿ ನೋಡ್ರಪ್ಪ," ಎಂದಷ್ಟೇ ಅಂದ. ಕೀಟಲೆ ಮಾಡಲೆಂದೇ ಬಾಯಿ ತೆರೆದಿದ್ದ ವಿಶಾಲಮ್ಮ ಎಲೆಅಡಿಕೆ ಚೀಲವನ್ನು ಅವನತ್ತ ಚಾಚಿದಳು.