ಕೊನೆಗೆ ಬರುವ ‘ಬೇಡ’

ಆಯುಧಪೂಜೆಯಂದು ಹ್ಯೂಸ್ಟನ್ನಿನ ನಮ್ಮ ಮನೆಯಲ್ಲಿ ದೇವರ ಮುಂದೆ ನನ್ನ ಬಂದೂಕಿಗೂ ಕುಂಕುಮ ಏರುತ್ತಿತ್ತು. ನಮ್ಮ ಮನೆತನದಲ್ಲಿ ಬೇಟೆ ನಿಷಿದ್ಧವಾಗಿರಲಿಲ್ಲ. ಕಟ್ಟಳೆಗಳು ಮಾತ್ರ ಬಿಗಿಯಾಗಿದ್ದವು. ಎಳೆಯ ಪ್ರಾಣಿಯನ್ನು ಹೊಡೆಯಬಾರದು. ಹೊಡೆದ ಪ್ರಾಣಿಯ ಬಾಯಿಗೆ ಪ್ರಾರ್ಥನೆಯೊಂದಿಗೆ ನೀರು ಬಿಡದೆ ಅದರ ಮೇಲೆ ಕತ್ತಿ ಇಡಬಾರದು. ತಂದೆಯವರಿಂದ ಸಂಸ್ಕೃತ ಕಲಿತಂತೆಯೇ ಇವನ್ನೂ ಕಲಿತಿದ್ದೆ.

ಪೂಜೆಯಾಗಿ ಕೆಲವು ವಾರಗಳಿಗೆ ಟೆಕ್ಸಸ್ಸಿನಲ್ಲಿ ಜಿಂಕೆ ಬೇಟೆಯ ಕಾಲ ತೆರೆಯುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಮೂವರು ಸೇರಿ ಆಸ್ಟಿನ್ ಬಳಿಯ ಲಿಯಾಂಡರ್ ಊರಿನಿಂದಾಚೆ ಒಂದು ರ‍್ಯಾಂಚನ್ನು ಬೇಟೆಗೆಂದು ಲೀಸಿಗೆ ಹಿಡಿದಿದ್ದೆವು. ಡಲ್ಲಾಸಿನಿಂದ ಹುಬ್ಬಳ್ಳಿಯ ದಂತವೈದ್ಯರು ಬರುತ್ತಿದ್ದರು. ಆಸ್ಟಿನ್ನಿನಿಂದ, ನಮ್ಮಿಬ್ಬರಿಗಿಂತ ಬಹಳ ಚಿಕ್ಕವನಾದ ಮೈಸೂರಿನ ಎಂಜಿನಿಯರ್ ಒಬ್ಬ.

ಆ ಜಿಂಕೆಯನ್ನು ನಾನು ಮೊದಲು ಕಂಡಾಗ ಅದರ ಕೊಂಬೆಂದರೆ ಬೆರಳುದ್ದದ ಎರಡು ಮೊಳಕೆಗಳು. ಎಡಗಿವಿ ಮುಳ್ಳುತಂತಿಗೆ ಸಿಕ್ಕಿ ಸೀಳಿತ್ತು. ಮರುವರ್ಷ ಅದೇ ಸೀಳುಗಿವಿ, ತಲೆಯ ಮೇಲೆ ಎಂಟು ಕವಲು! ಆದರೂ ಕಾಲುಗಳು ನೀಳ, ಕತ್ತು ಸಪೂರ; ಇನ್ನೂ ಎಳೆಯದೇ. ಇನ್ನೂ ಮೂರು ವರ್ಷ ಬಿಟ್ಟರೆ ಅದು ಏನಾಗಬಹುದೆಂದು ನೆನೆದೇ ನನ್ನ ಮನಸ್ಸು ತುಂಬುತ್ತಿತ್ತು. ಬೆಳಗಿನ ಸಂಧ್ಯಾವಂದನೆಯಲ್ಲಿ ಅದಕ್ಕಾಗಿಯೂ ಬೇಡಿಕೊಳ್ಳತೊಡಗಿದೆ.

ಬೇಡಿಕೊಳ್ಳಬೇಕಾದದ್ದು ಗೆಳೆಯರಲ್ಲಿ. ಪಿಕಪ್ ಟ್ರಕ್ಕಿನ ಇಳಿಸಿದ ಹಿಂಬಾಗಿಲ ಮೇಲೆ ಥರ್ಮಾಸಿನ ಚಹಾ ಇಟ್ಟುಕೊಂಡು, ಅದನ್ನು ಬೆಳೆಯಬಿಡೋಣವೆಂದು ಮತ್ತೆ ಮತ್ತೆ ಹೇಳಿದೆ.

“ಸರ್ರ, ನಾವು ಬಿಟ್ರ ಬೇಲಿ ಆಚಿಂದಾಂವ ಬಿಡ್ತಾನೇನ್ರಿ?” ಎಂದರು ಡಾಕ್ಟರು.

ಬೇಲಿಯಾಚೆ ಯಾರು ಯಾವ ಜಿಂಕೆಗೆ ಗುರಿಯಿಡುತ್ತಾರೆಂದು ನಾನೆಲ್ಲಿ ಬಲ್ಲೆ?

“ಬೇಟೆಗೆ ಬಂದು ಬೇಡ ಬೇಡ ಅಂತೀರಲ್ಲ ಅಂಕಲ್” ಎಂದು ಎಂಜಿನಿಯರ್ ನಕ್ಕ. “ಇಂಥ ಬೇಡರನ್ನ ನಾನು ನೋಡೇ ಇಲ್ಲ!”

ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. ಕೊನೆಗೆ ನನ್ನ ಮುಖ ನೋಡಿ ಮೆತ್ತಗಾದರು. “ಆತ್ರಿ. ಹೊಡಿಯೂಕಿಂತ ಮೊದಲ ರೇಡಿಯೊದಾಗ ಕೇಳ್ತೀನಿ. ನೀವು ಹೊಡೀರಿ ಅಂದ್ರಷ್ಟ ಹೊಡೀತೀನಿ. ಮುಗೀತಲ್ರಿ?”

ನನಗೆ ಅಷ್ಟೇ ಸಾಕಾಗಿತ್ತು. ಅಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತಿರಲಿಲ್ಲ. ಆದ್ದರಿಂದ ಮೂವರ ಬಳಿಯೂ ಒಂದೊಂದು ಕೈರೇಡಿಯೊ ಇತ್ತು. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತು ಹೋಗುತ್ತದೆ, ಬಿಟ್ಟೊಡನೆ ನಿಲ್ಲುತ್ತದೆ.

ಮರುದಿನ ಬೆಳಿಗ್ಗೆ ಉತ್ತರದ ಚಳಿಗಾಳಿ ಇಳಿದಿತ್ತು. ನಾನು ದಪ್ಪ ಕೈಗವಸು ತೊಟ್ಟು, ಬ್ಲೈಂಡ್ ಎಂದು ಕರೆಯುವ ಮರದ ಪೆಟ್ಟಿಗೆಯಂಥ ಮರೆಯಲ್ಲಿ ಕುಳಿತಿದ್ದೆ. ಹಳ್ಳದಾಚೆಯ ಮರೆಯಲ್ಲಿ ಡಾಕ್ಟರಿದ್ದರು. ಬಿಸಿಲೇರುವ ಹೊತ್ತಿಗೆ ಸೀಡರ್ ಪೊದೆಗಳ ನಡುವಿನಿಂದ ಅದು ಹೊರಬಂದಿತು. ಅದರ ಎಡಮಗ್ಗುಲು ನನ್ನ ಕಡೆಗಿತ್ತು. ದುರ್ಬೀನಿನಲ್ಲಿ ಸೀಳುಗಿವಿ ಸ್ಪಷ್ಟವಾಗಿ ಕಂಡಿತು. ಡಾಕ್ಟರಿಗೆ ಕಾಣುತ್ತಿದ್ದದ್ದು ಬಲಮಗ್ಗುಲು.

ರೇಡಿಯೊ ಪಿಸುಗುಟ್ಟಿತು. “ಸರ್ರ, ಇದು ಬ್ಯಾರೆ ಅನಸ್ತೈತಿ. ಕೊಂಬು ಕಿವಿ ದಾಟ್ಯಾವ. ಹೊಡೀಲೇನ್ರಿ?”

ಅದು ಕಿವಿಗಳನ್ನು ಹಿಂದಕ್ಕೆ ಮಡಚಿತ್ತು. ಕೊಂಬು ಕಿವಿಗಿಂತ ಅಗಲವಾದರೆ ಬಲಿತ ಗಂಡೆಂದು ಬೇಟೆಗಾರರ ಲೆಕ್ಕ; ಇಲ್ಲಿ ಅಗಲವಾಗಿ ತೋರಿದ್ದು ಮಡಚಿದ ಕಿವಿಯಿಂದ. ಅಷ್ಟನ್ನೂ ವಿವರಿಸಲು ಸಮಯವಿಲ್ಲವೆಂದು ನನಗೂ ಹೊಳೆಯಿತು. ಗುಂಡಿ ಒತ್ತಿ, ಎಂದಿನಂತೆ ನಿಧಾನವಾಗಿ, ಒಂದೊಂದೇ ಪದವನ್ನು ಬಿಡಿಸಿ ಹೇಳಿದೆ: “ಡಾಕ್ಟ್ರೇ, ಅದನ್ನ ಹೊಡಿಯೋದು ಬೇಡ.”

ಹೇಳಿ ಮುಗಿಸಿ ನೋಡಿದರೆ ಮಾತು ಹೋಗುವಾಗ ಉರಿಯುವ ರೇಡಿಯೊದ ಕೆಂಪು ದೀಪ ಆರಿತ್ತು. ಗವಸಿನ ಹೆಬ್ಬೆರಳು ಯಾವ ಅಕ್ಷರದಲ್ಲಿ ಜಾರಿತ್ತೋ! ಮತ್ತೆ ಒತ್ತಿದೆ. “ಬೇಡ, ಬೇಡ” ಎಂದೆ. ಎರಡನೆಯ ‘ಬೇಡ’ ಬಾಯಲ್ಲಿರುವಾಗಲೇ ಗುಂಡಿನ ಸದ್ದು ಹಳ್ಳವನ್ನು ತುಂಬಿತು.

ಸಂಸ್ಕೃತದಲ್ಲಿ ನಕಾರವು ಕ್ರಿಯಾಪದಕ್ಕಿಂತ ಮೊದಲೇ ನಿಂತು ಅದನ್ನು ತಡೆಯುತ್ತದೆ. ನಮ್ಮ ಕನ್ನಡದಲ್ಲಿ ಅದು ಎಲ್ಲಕ್ಕೂ ಕೊನೆಗೆ ಬರುತ್ತದೆ. ಈ ಭೇದವನ್ನು ನಾನು ಎಷ್ಟೋ ಜನರಿಗೆ ಪಾಠ ಹೇಳಿದ್ದೆ.

ನಾನು ಹಳ್ಳ ದಾಟಿ ಹೋಗುವಷ್ಟರಲ್ಲಿ ಎಂಜಿನಿಯರನೂ ಬಂದಿದ್ದ. ಡಾಕ್ಟರು ಹಿಗ್ಗಿನಿಂದ ನನ್ನ ಭುಜ ಹಿಡಿದರು. “‘ಅದನ್ನ ಹೊಡಿ’ ಅಂದ್ರಲ್ಲಾ ಸರ್ರ! ಇಷ್ಟು ವರ್ಷದಾಗ ನನಗ ಒಮ್ಮೆರ ಏಕವಚನದಾಗ ಮಾತಾಡೀರೇನು? ಭಾಳ ಖುಷಿ ಆಗೇತಿ ಇವರಿಗೆ, ಅದಕ್ಕ ಹಂಗಂದ್ರು ಅನ್ಕೊಂಡೆ.”

ನಾನು ಹೇಳಿದ ಪೂರ್ಣ ವಾಕ್ಯವನ್ನು ಮತ್ತೊಮ್ಮೆ ಹೇಳಿದೆ. ಅವರ ಕೈ ನನ್ನ ಭುಜದಿಂದ ಕೆಳಗಿಳಿಯಿತು. ಬಗ್ಗಿ ಜಿಂಕೆಯ ತಲೆಯನ್ನು ಹೊರಳಿಸಿದರು. ಸೀಳುಗಿವಿ ಮೇಲೆ ಬಂತು.

“ಇನ್ಮೇಲೆ ಮೊದಲೇ ‘ನೋ’ ಅಂದ್ಬಿಡಿ ಅಂಕಲ್” ಎಂದ ಎಂಜಿನಿಯರ್. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಡಾಕ್ಟರು ಗವಸು ಕಳಚಿ ಅದರ ದವಡೆಯನ್ನು ತೆರೆದರು. ಹಲ್ಲಿನ ಸವೆತ ನೋಡಿ ಜಿಂಕೆಯ ವಯಸ್ಸು ಹೇಳುವುದು ಇಲ್ಲಿನ ರೂಢಿ; ಅವರಿಗಂತೂ ಹಲ್ಲು ದಿನನಿತ್ಯದ ಕಸುಬು. ಒಂದೊಂದರ ಮೇಲೂ ಬೆರಳಾಡಿಸಿದರು, ಕುರ್ಚಿಯಲ್ಲಿ ಕುಳಿತ ಮಗುವಿನ ಬಾಯನ್ನು ನೋಡುವವರಂತೆ, ನೋಯಿಸದ ಹಾಗೆ.

“ಎರಡೂವರಿ” ಎಂದರು. ಕೊನೆಯ ಹಲ್ಲನ್ನೂ ಮುಟ್ಟಿ ನೋಡಿ, “ಅಂಚು ಇನ್ನೂ ಚೂಪ ಐತ್ರಿ. ಸವದ ಇಲ್ಲ.”

ನಾನು ನೀರಿನ ಬಾಟಲಿಯನ್ನು ತೆರೆದೆ. ಸಾವಿರ ಸಲ ಹೇಳಿದ ಪ್ರಾರ್ಥನೆಯ ಮೊದಲ ಪದವೇ ನಾಲಗೆಗೆ ಬರಲಿಲ್ಲ. ಡಾಕ್ಟರು ದವಡೆಯನ್ನು ಹಾಗೆಯೇ ಹಿಡಿದು ಕಾದರು. ನಾನು ನೀರು ಬಿಟ್ಟೆ. ಅದು ಆ ಬಿಳಿಯ ಹಲ್ಲುಗಳ ನಡುವೆ ನಿಲ್ಲದೆ, ಅವರ ಬೆರಳುಗಳ ಮೇಲೆ ಹರಿದು ನೆಲಕ್ಕೆ ಹೋಯಿತು.