ಬೆಲ್ಲದ ಕ್ಯೂಬಾ

ಗೋಕಾಕದ ಶಾಲೆಯಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಭೂಗೋಳದ ಮಾಸ್ತರರು ನಮ್ಮ ಜಿಲ್ಲೆಯ ಹತ್ತರಗಿ ಊರು ದಾಟಿದವರಲ್ಲ. ಆದರೂ ಕ್ಯೂಬಾದ ಮಾತು ಬಂದರೆ, ಈಗಷ್ಟೇ ಅಲ್ಲಿಂದ ಬಂದಿಳಿದವರ ಹಾಗೆ ಕೋಟಿನ ಧೂಳು ಕೊಡವುತ್ತಿದ್ದರು. "ಅಲ್ಲಿ ಮಂದಿ ಮಾತಾಡೂದು ಸ್ಪ್ಯಾನಿಶ್. ಕಬ್ಬು ಮಾತ್ರ ನಮ್ಮ ಕೊಣ್ಣೂರಿನ ಹಂಗ. ಮುಟ್ಟಿ ನೋಡ್ರಿ, ತಿಳೀತೈತಿ!"

ಅವರ ನೌಕರಿ ಕಾಯಂ ಮಾಡಲು ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಬರುವ ದಿನ, ಮಾಸ್ತರರು ಪಾಠಕ್ಕೆಂದು ಹಿತ್ತಾಳೆಯ ತಾಟಿನಲ್ಲಿ ಬೆಲ್ಲದ ದ್ವೀಪಗಳನ್ನು ಜೋಡಿಸಿದರು. ಉದ್ದನೆಯ ಕ್ಯೂಬಾ, ಪಕ್ಕಕ್ಕೆ ಸ್ಯಾಂಟೊ ಡೊಮಿಂಗೊ, ತುದಿಗೆ ಪುಟ್ಟ ಪೋರ್ಟೊ ರಿಕೊ. ಸುತ್ತ ಕಡಲು ಸುರಿಯಲು ಒಂದು ತಂಬಿಗೆ ನೀರು.

ಹುಕ್ಕೇರಿಯಿಂದ ಬಿಸಿಲಲ್ಲಿ ಬಂದ ಸಾಹೇಬರೂ ನಮ್ಮ ಕಡೆಯವರೇ. ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮಲ್ಲಿ ರೂಢಿ. ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಅವರು ಎರಡು ದ್ವೀಪ ತಿಂದು, ಕಡಲು ಕುಡಿದು, ಮೀಸೆ ಒರೆಸಿಕೊಂಡರು.

"ಹೂಂ ಮಾಸ್ತರ, ಕ್ಯೂಬಾ ಎಲ್ಲೈತಿ, ತೋರಸ್ರಿ."

"ತಮ್ಮ ಹೊಟ್ಟ್ಯಾಗ್ರಿ, ಸಾಹೇಬ್ರ."

ಸಾಹೇಬರು ತಾಟು ನೋಡಿದರು. ಮುಖ ಕೆಂಪಾಯಿತು. ಉಳಿದ ಚೂರಿಗೆ ಬೆರಳು ತೋರಿಸಿ, "ಮತ್ತ ಇದು?" ಎಂದರು.

"ಪೋರ್ಟೊ ರಿಕೊ ರೀ. ಸಂಕೋಚ ಬ್ಯಾಡ್ರಿ, ಅದನ್ನ ಅಮೇರಿಕಾದವ್ರು ಮೊದಲ ನುಂಗ್ಯಾರ."

ಸಾಹೇಬರು ನಗುತ್ತಲೇ ಅದನ್ನೂ ಬಾಯಿಗೆ ಹಾಕಿಕೊಂಡರು. ಮಾಸ್ತರರ ಕಾಯಂ ಆದೇಶದ ಮೇಲೆ, ಸಹಿಯ ಪಕ್ಕದಲ್ಲಿ, ಬೆಲ್ಲದ ಬೆರಳಚ್ಚೊಂದು ಕೊನೆತನಕ ಉಳಿದಿತ್ತು.