ಕಾಟಾ ಕಲ್ಮೇಶನ ರಟ್ಟೆ

ಮುದ್ದೇಬಿಹಾಳಕ್ಕೆ ಬಂದು ಕಲ್ಮೇಶ ಎಲ್ಲಿ ಎಂದು ಕೇಳಿದರೆ ನಾಲ್ಕು ಜನ ನಾಲ್ಕು ದಿಕ್ಕಿಗೆ ಕೈ ತೋರಿಸಿಯಾರು. ಕಾಟಾ ಕಲ್ಮೇಶ ಅನ್ನಿ, ಚಹಾದಂಗಡಿಯವನು ಎದ್ದು ಬಂದು ದಾರಿ ತೋರಿಸುತ್ತಾನೆ. ಊರ ಹೊರಗೆ ನಿಡಗುಂದಿ ರಸ್ತೆಯಲ್ಲಿ ಲಾರಿಗಳನ್ನು ತೂಗುವ ಕಾಟಾ ಇದೆ. ಅದರ ಗಾಜಿನ ಕೋಣೆಯೊಳಗೆ ಅವನು ಇಪ್ಪತ್ತೆರಡು ವರ್ಷದಿಂದ ಕುಳಿತಿದ್ದಾನೆ. ತೊಗರಿ, ಕಡಲೆ, ಕಬ್ಬು, ಉಸುಕು, ಏನೇ ಬರಲಿ, ಲಾರಿ ಹತ್ತಿಸಿ ಗುಂಡಿ ಒತ್ತಿ ಚೀಟಿ ಹರಿದು ಕೊಡುವುದು ಕೆಲಸ. ಸುತ್ತಲಿನ ಊರುಗಳ ತೂಕವೆಲ್ಲ ಬಲ್ಲ ಈ ಮಹಾರಾಯ ತನ್ನ ತೂಕವೊಂದನ್ನು ಮಾತ್ರ ನೋಡಿಕೊಂಡಿರಲಿಲ್ಲ. ನೋಡಿಕೊಳ್ಳುವ ಧೈರ್ಯ ಇರಲಿಲ್ಲ ಎಂದರೇ ಸರಿ.

ದೀಪಾವಳಿ ಮುಗಿದ ವಾರ, ಕಾಟಾದ ಎರಡೇ ಎರಡು ಮೆಟ್ಟಿಲು ಹತ್ತುವಾಗ ಕಣ್ಣಿಗೆ ಕತ್ತಲೆ ಬಂದು ಬಾಗಿಲು ಹಿಡಿದು ನಿಂತ. ಹೆಂಡತಿ ಸುವರ್ಣಾ ಅವತ್ತೇ ಅವನನ್ನು ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರ್ ನಿಷತ ಅವನನ್ನು ಯಂತ್ರದ ಮೇಲೆ ನಿಲ್ಲಿಸಿ ನೋಡಿದರು. ನೂರ ಇಪ್ಪತ್ತೊಂದು ಕಿಲೋ. ಯಂತ್ರ ಕೆಟ್ಟಿದೆ ಎಂದ ಇವನು. ಕಸುಬಿನ ಸೊಕ್ಕು ನೋಡಿ! ಸಂಜೆ ಕಾಟಾಕ್ಕೆ ಬಂದು, ಯಾರೂ ಇಲ್ಲದ ಹೊತ್ತು ಹುಡುಕಿ, ಲಾರಿ ನಿಲ್ಲುವ ಕಬ್ಬಿಣದ ಹಲಗೆಯ ನಡುವೆ ತಾನೇ ಹೋಗಿ ನಿಂತ. ಗಾಜಿನಾಚೆ ಕೆಂಪು ಅಂಕಿ ನೂರ ಇಪ್ಪತ್ತು ಎಂದು ಹೊತ್ತಿಕೊಂಡಿತು. ಆ ಕಾಟಾ ಹತ್ತರ ಲೆಕ್ಕದಲ್ಲಷ್ಟೇ ಎಣಿಸುತ್ತದೆ, ಉಳಿದ ಒಂದು ಕಿಲೋ ಅದರ ಕಣ್ಣಿಗೆ ಬೀಳುವುದಿಲ್ಲ.

ಸಕ್ಕರೆ ಕಾಯಿಲೆ, ಬಿ.ಪಿ., ಮೇಲೆ ಲಿವರಿನಲ್ಲಿ ಕೊಬ್ಬು. ಮೂವತ್ತೈದು ಕಿಲೋ ಇಳಿಯಲೇಬೇಕು, ಇಲ್ಲದಿದ್ದರೆ ವಯಸ್ಸು ಐವತ್ತು ದಾಟುವುದು ಕಷ್ಟ ಎಂದು ಡಾಕ್ಟರ್ ಮುಚ್ಚುಮರೆ ಇಲ್ಲದೆ ಹೇಳಿದ್ದರು. ಅವನಿಗಾಗ ನಲವತ್ತಾರು. ತಿಂಗಳಿಗೆ ಎರಡು ಮೂರು ಕಿಲೋ ಸಾಕು, ಅವಸರ ಬೇಡ ಎಂದೂ ಹೇಳಿದ್ದರು. ಆದರೆ ಆ ಮಾತು ಬರುವ ಹೊತ್ತಿಗೆ ಅವನ ಕಿವಿ ಮುಚ್ಚಿಹೋಗಿತ್ತು. ಐವತ್ತು ದಾಟುವುದು ಕಷ್ಟ ಎಂಬುದೊಂದೇ ತಲೆಯಲ್ಲಿ ಕುಳಿತಿತ್ತು.

ಊಟಕ್ಕೆ ಆರು ಜೋಳದ ರೊಟ್ಟಿ ಮುರಿಯುತ್ತಿದ್ದವನು ಅರ್ಧ ರೊಟ್ಟಿ, ಒಂದು ಲೋಟ ಮಜ್ಜಿಗೆಗೆ ಇಳಿದ. ಸುವರ್ಣಾ ಬೈದಳು, ಅತ್ತಳು, ಕೊನೆಗೆ ಸುಮ್ಮನಾದಳು. ಎರಡು ತಿಂಗಳಿಗೆ ಹದಿನಾಲ್ಕು ಕಿಲೋ ಹೋಯಿತು. ಲಾರಿಯವರು ಮೊದಲು ಶಭಾಷ್ ಎಂದರು. ಆಮೇಲೆ ದನಿ ತಗ್ಗಿಸಿ, ಆರಾಮ ಇದ್ದೀರಲ್ಲ ಎಂದು ಕೇಳತೊಡಗಿದರು. ನಮ್ಮ ಕಡೆ ಮನುಷ್ಯ ಎಷ್ಟು ದಪ್ಪಗಾದರೂ ಯಾರೂ ಕೇಳುವುದಿಲ್ಲ, ಸ್ವಲ್ಪ ಸೊರಗಿದನೋ, ಊರಿಗೆಲ್ಲ ಅವನದೇ ಚಿಂತೆ.

ಒಂದು ಬೆಳಿಗ್ಗೆ ಜಳಕ ಮಾಡುವಾಗ ಕಲ್ಮೇಶ ಕೈ ಎತ್ತಿದ. ರಟ್ಟೆಯ ಕೆಳಗೆ ತೊಗಲು ಚೀಲದ ಹಾಗೆ ಜೋತಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದ. ಎಳೆದಷ್ಟೂ ಬಂತು, ಬಿಟ್ಟರೆ ನಿಧಾನಕ್ಕೆ ಹೋಯಿತು. ಹೊಟ್ಟೆ ನೋಡಿಕೊಂಡ, ಅಲ್ಲೂ ಅದೇ ಕಥೆ. ಅಂಜಿಬಿಟ್ಟ. ಚಂದ ಕೆಟ್ಟಿತೆಂದಲ್ಲ, ಆ ವಯಸ್ಸು ದಾಟಿತ್ತು. ಇಂಥದೇ ತೊಗಲನ್ನು ಅವನು ಮೊದಲೊಮ್ಮೆ ನೋಡಿದ್ದ, ಅದಕ್ಕೆ.

ಅವನ ಅಪ್ಪ ಶಂಕ್ರೆಪ್ಪ ಇಂಗಳೇಶ್ವರದಲ್ಲಿ ಹೆಸರಾದ ಗಟ್ಟಿ ಆಳು. ಹೊಟ್ಟೆಯೊಳಗಿನ ಗಡ್ಡೆ ನಾಲ್ಕೇ ತಿಂಗಳಲ್ಲಿ ಅವನನ್ನು ಅರ್ಧ ಮಾಡಿತ್ತು. ಏನೂ ಆಗಿಲ್ಲ, ಏನೂ ಆಗಿಲ್ಲ ಎನ್ನುತ್ತಲೇ ಆತ ಹಾಸಿಗೆ ಹಿಡಿದ, ಮತ್ತೆ ಏಳಲಿಲ್ಲ. ದಿನಾ ಮೈ ತೊಳೆಯುತ್ತಿದ್ದವಳು ಅವ್ವ, ಹೊನ್ನವ್ವ. ಗಂಡನ ರಟ್ಟೆಯಲ್ಲಿ ತೊಗಲು ಜೋತದ್ದನ್ನು ಮೊದಲು ಕೈಗೆ ಹತ್ತಿಸಿಕೊಂಡವಳೂ ಅವಳೇ. ಅಂದಿನಿಂದ ಅವಳಿಗೆ ಒಂದೇ ನಂಬಿಕೆ. ತೊಗಲು ಮೈ ಬಿಟ್ಟಿತೆಂದರೆ ಆ ಮನುಷ್ಯ ಉಳಿಯುವುದಿಲ್ಲ. ಹದಿನಾಲ್ಕು ವರ್ಷವಾಯಿತು, ಆ ನಂಬಿಕೆ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ.

ಹತ್ತು ವರ್ಷದಿಂದ ಹೊನ್ನವ್ವನಿಗೆ ಕಣ್ಣು ಕಾಣುವುದಿಲ್ಲ. ಇಂಗಳೇಶ್ವರದಲ್ಲಿ ಹಿರಿಯ ಮಗ ಬಸಂತರಾಯನ ಮನೆಯಲ್ಲಿರುತ್ತಾಳೆ. ಅಮವಾಸ್ಯೆಗೊಮ್ಮೆ ಕಲ್ಮೇಶ ನಿಡಗುಂದಿಯಲ್ಲಿ, ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗುವುದು ವಾಡಿಕೆ. ಹೋದ ಕೂಡಲೆ ಅವಳು ಮಗನ ರಟ್ಟೆ ಹಿಡಿದು ಅಮುಕುತ್ತಾಳೆ. ಗಟ್ಟಿ ಇದ್ದಿ ಎನ್ನುತ್ತಾಳೆ. ಆಮೇಲೆ ತಾಟು ತರಿಸಿ ತನ್ನ ಕೈಯಿಂದ ಮೊದಲ ತುತ್ತು ಉಣಿಸುತ್ತಾಳೆ, ಅದೂ ಮುಷ್ಟಿಯಷ್ಟು ದಪ್ಪದ್ದು. ನಲವತ್ತಾರು ವರ್ಷದ ಗಂಡಸು ಕಮಕ್ ಕಿಮಕ್ ಅನ್ನದೆ ಬಾಯಿ ತೆರೆಯುತ್ತಾನೆ. ಮಗನ ಮುಖ ಅವಳಿಗೆ ಮರೆತಿರಬಹುದು, ರಟ್ಟೆ ಮರೆಯುವುದಿಲ್ಲ.

ಎಳ್ಳ ಅಮವಾಸ್ಯೆಗೆ ಹೇಗೋ ಪಾರಾದ. ಚಳಿ ನೆವ ಮಾಡಿ ದಪ್ಪ ಸ್ವೆಟರ್ ಹಾಕಿಕೊಂಡು ಹೋಗಿದ್ದ. ಹೊನ್ನವ್ವ ಸ್ವೆಟರಿನ ಮೇಲೇ ಅಮುಕಿ ನೋಡಿದಳು. ಗಟ್ಟಿ ಇದ್ದಿ ಎಂಬ ಮಾತು ಮಾತ್ರ ಅವತ್ತು ಅವಳ ಬಾಯಿಂದ ಬರಲಿಲ್ಲ.

ಮರುದಿನವೇ ಅವನು ಡಾಕ್ಟರ್ ಮುಂದೆ ಕುಳಿತ. ರಟ್ಟೆ ತೋರಿಸಿ, ಇದನ್ನು ಮೊದಲು ನಿಲ್ಲಿಸಿಕೊಡಿ, ಸಕ್ಕರೆ ಆಮೇಲೆ ನೋಡೋಣ ಎಂದ. ಡಾಕ್ಟರಿಗೆ ಸಿಟ್ಟೇ ಬಂತು.

"ತೊಗಲು ರಬ್ಬರ್ ಇದ್ದಂಗ್ರಿ ಕಲ್ಮೇಶ. ಇಪ್ಪತ್ತು ವರ್ಷ ಜಗ್ಗಿ ಹಿಡದದ್ದನ್ನ ಎರಡು ತಿಂಗಳದಾಗ ಬಿಟ್ರ ಅದು ಎಲ್ಲಿಗೆ ಹೋಗಬೇಕ್ರಿ?"

ಉಪವಾಸ ಬಿದ್ದದ್ದರಿಂದ ಕೊಬ್ಬಿನ ಜೊತೆಗೆ ಒಳಗಿನ ಮಾಂಸವೂ ಕರಗಿದೆ, ಅದಕ್ಕೇ ತೊಗಲು ಬರಿದಾಗಿ ಜೋಲುತ್ತಿದೆ ಎಂದು ಅವರು ಬಿಡಿಸಿ ಹೇಳಿದರು. ಹೊಟ್ಟೆಗೆ ಮೊಳಕೆ ಹೆಸರು, ಮಡಕೆ ಕಾಳು, ಬೇಳೆ, ಮೊಸರು ಬೇಕು. ನೀರು ಚೆನ್ನಾಗಿ ಕುಡಿಯಬೇಕು. ತಂಬಾಕು ಬಿಡಬೇಕು, ಅದು ತೊಗಲನ್ನೂ ಕೆಡಿಸುತ್ತದೆ. ವಾರಕ್ಕೆ ಮೂರು ದಿನ ಭಾರ ಎತ್ತಬೇಕು, ಒಳಗೆ ಮಾಂಸ ತುಂಬಿದರೆ ತೊಗಲಿಗೆ ಸ್ವಲ್ಪ ಆಸರೆಯಾಗುತ್ತದೆ. ಇಷ್ಟು ಮಾಡಿದರೂ ಕೆಲವಷ್ಟು ಜೋತೇ ಇರುತ್ತದೆ, ಎಷ್ಟು ಎಂಬುದು ವಯಸ್ಸಿನ ಮೇಲೆ ನಿಂತದ್ದು, ಅದು ರೋಗವಲ್ಲ. ಇವನು ಎಲ್ಲಕ್ಕೂ ಹೌದ್ರಿ ಹೌದ್ರಿ ಎಂದ. ಕೆಲವಷ್ಟು ಜೋತೇ ಇರುತ್ತದೆ ಎಂಬ ಮಾತಿಗೆ ಮಾತ್ರ ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡ. ಅವ್ವನ ಬೆರಳಿಗೆ ಆ ಕೆಲವಷ್ಟೇ ಸಾಕಾಗಿತ್ತು.

ಭಾರಕ್ಕೆ ಎಲ್ಲೂ ಹುಡುಕಬೇಕಾಗಿರಲಿಲ್ಲ. ಕಾಟಾ ಸರಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸುವುದಕ್ಕೆ ಇಪ್ಪತ್ತು ಕಿಲೋದ ಕಬ್ಬಿಣದ ಕಲ್ಲುಗಳು ಮೂಲೆಯಲ್ಲಿ ಸಾಲಾಗಿ ಕುಳಿತಿದ್ದವು. ಮೊದಲ ದಿನ ಒಂದು ಕಲ್ಲನ್ನು ಎರಡೂ ಕೈಯಲ್ಲಿ ಮೊಣಕಾಲಿನ ತನಕ ಎತ್ತುವಷ್ಟರಲ್ಲಿ ಬೆವತುಹೋದ. ಬಿಡಲಿಲ್ಲ. ಯುಗಾದಿ ದಾಟುವ ಹೊತ್ತಿಗೆ ಕೈಗೊಂದು ಕಲ್ಲು ಹಿಡಿದು ಗೇಟಿನ ತನಕ ಹೋಗಿ ಬರುತ್ತಿದ್ದ. ತೂಕವೂ ಹೇಳಿದ ಹಾಗೆ ತಿಂಗಳಿಗೆ ಎರಡು ಮೂರು ಕಿಲೋ ಇಳಿಯುತ್ತಿತ್ತು. ಆದರೆ ದಿನಾ ಬೆಳಿಗ್ಗೆ ತೊಗಲು ಎಳೆದು ನೋಡುವ ಚಟ ಹತ್ತಿತ್ತಲ್ಲ, ಅದು ಅವನನ್ನು ತಿಂದುಹಾಕಿತು. ನಿನ್ನೆಗಿಂತ ಜಾಸ್ತಿಯೋ ಕಡಿಮೆಯೋ ಎಂದು ಕನ್ನಡಿ ಮುಂದೆ ಅರ್ಧ ಗಂಟೆ ನಿಲ್ಲುತ್ತಿದ್ದ.

ಊರಿಗೆ ಹೋಗುವುದನ್ನು ಬಿಟ್ಟ. ಒಂದು ಅಮವಾಸ್ಯೆಗೆ ತೊಗರಿ ಸುಗ್ಗಿ ಎಂದ, ಇನ್ನೊಂದಕ್ಕೆ ಕಾಟಾ ರಿಪೇರಿ ಎಂದ, ಮತ್ತೊಂದಕ್ಕೆ ಬಿಸಿಲು ಎಂದ. ಹೀಗೆ ಐದು ಅಮವಾಸ್ಯೆ ಕಳೆದವು. ಫೋನಿನಲ್ಲಿ ಅವ್ವ ಕೇಳುತ್ತಿದ್ದದ್ದು ಒಂದೇ, ಮೈ ಹೇಗಿದೆ. ಅವನು ಹೇಳುತ್ತಿದ್ದದ್ದೂ ಒಂದೇ, ಏನೂ ಆಗಿಲ್ಲ. ಅಪ್ಪ ಹೇಳುತ್ತಿದ್ದ ಮಾತೂ ಅದೇ ಎಂಬುದು ಈ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಆ ಬೇಸಿಗೆಯಲ್ಲೇ ಅವನಿಗೆ ಟ್ರಂಕಿನೊಳಗಿನ ಅರಿವೆ ನೆನಪಾದದ್ದು. ನಮ್ಮಲ್ಲಿ ಹಡೆದ ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆಯ ಅರಿವೆಯನ್ನು ಬಿಗಿಯಾಗಿ ಸುತ್ತಿ ಕಟ್ಟುತ್ತಾರೆ, ಹೊಟ್ಟೆ ಜೋತು ಬೀಳಬಾರದೆಂದು. ಮಗಳು ಭಾಗ್ಯಾ ಹುಟ್ಟಿದಾಗ ಹೊನ್ನವ್ವ ತನಗೆ ಕಟ್ಟಿದ್ದ ಅರಿವೆಯನ್ನೇ ಸುವರ್ಣಾಳಿಗೆ ಕಳಿಸಿದ್ದಳು, ಕೆಂಪು ಅಂಚಿನ, ತೊಳೆದು ತೊಳೆದು ಬೆಣ್ಣೆಯಷ್ಟು ಮೆತ್ತಗಾದ ಅರಿವೆ. ಒಂಬತ್ತು ತಿಂಗಳು ಹಿಗ್ಗಿದ ಹೊಟ್ಟೆಯನ್ನೇ ಹಿಡಿದು ನಿಲ್ಲಿಸುವ ಅರಿವೆ ತನ್ನದನ್ನು ಹಿಡಿಯದೇ ಇರುತ್ತದೆಯೇ? ಹೀಗೆ ಓಡಿತ್ತು ಅವನ ತಲೆ. ಡಾಕ್ಟರನ್ನು ಕೇಳಲಿಲ್ಲ, ಕೇಳಿದರೆ ನಗುತ್ತಾರೆಂಬ ಅಂಜಿಕೆ. ಅಂಚಿನಿಂದ ಎರಡು ಪಟ್ಟಿ ಹರಿದು ರಟ್ಟೆಗಳಿಗೂ ಸುತ್ತಿಕೊಂಡ.

ಅಂಗಿ ಬಿಚ್ಚುವಾಗ ಸುವರ್ಣಾ ನೋಡಿಬಿಟ್ಟಳು.

"ಯಾವಾಗ ಹಡದ್ರಿ? ನನಗ ಹೇಳಲೇ ಇಲ್ಲ," ಎಂದಳು.

ಅವನು ನಗಲಿಲ್ಲ. ಅವನ ಮುಖ ನೋಡಿ ಅವಳ ನಗುವೂ ನಿಂತಿತು. ವಿಜಯಪುರ ಸೀಮೆಯ ಬಿಸಿಲು, ಗಾಜಿನ ಕೋಣೆ, ಒಳಗೆ ಬಿಗಿದ ಅರಿವೆ. ಹೊಟ್ಟೆ ತುಂಬ ಕೆಂಪು ಗುಳ್ಳೆ ಎದ್ದು ಉರಿಯುತ್ತಿದ್ದವು. ಬಿಚ್ಚಿ ಎಸೆಯಿರಿ ಎಂದು ಅವಳು ದಿನಾ ಗೋಗರೆದಳು, ಅವನು ಕೇಳಲಿಲ್ಲ.

ಮಣ್ಣೆತ್ತಿನ ಅಮವಾಸ್ಯೆಗೆ ಎರಡು ದಿನ ಇರುವಾಗ ಬಸಂತರಾಯನ ಫೋನು ಬಂತು. ಅಣ್ಣ ಬಳಸಿ ಮಾತಾಡುವ ಮನುಷ್ಯನಲ್ಲ.

"ಅವ್ವ ರಾತ್ರಿ ಊಟ ಬಿಟ್ಟು ತಿಂಗಳಾತು. ನಿನಗ ಏನೋ ದೊಡ್ಡದು ಆಗೇತಿ, ನಾವೆಲ್ಲಾ ಕೂಡಿ ಮುಚ್ಚಿಡಾಕತ್ತೇವಿ ಅಂತಾಳ. ನೀ ಬರೋದಾದ್ರ ಬಾ, ಇಲ್ಲಂದ್ರ ಮುಂದಿನದು ನೀನ ನೋಡ್ಕೋ."

ಕಲ್ಮೇಶ ಬಸ್ಸು ಹತ್ತಿದ. ಸುಡುವ ಸೆಖೆಯಲ್ಲಿ ತುಂಬು ತೋಳಿನ ಅಂಗಿ, ಒಳಗೆ ಹೊಟ್ಟೆಗೆ ಅರಿವೆ, ರಟ್ಟೆಗಳಿಗೆ ಪಟ್ಟಿ. ಅವತ್ತು ಪಟ್ಟಿಯನ್ನು ಮೂರು ಸುತ್ತು ಹೆಚ್ಚಿಗೆ ಸುತ್ತಿದ್ದ, ಮುಟ್ಟಿದರೆ ಗಟ್ಟಿ ಹತ್ತಲಿ ಎಂದು. ನಿಡಗುಂದಿಯ ತನಕ ತಾನೇ ತನ್ನ ರಟ್ಟೆ ಅಮುಕಿ ಅಮುಕಿ ನೋಡಿಕೊಂಡ. ಬಾಗೇವಾಡಿಯಲ್ಲಿ ಇಳಿದ. ವಾಪಸ್ಸು ಹೋಗುವ ಬಸ್ಸು ಎದುರಿಗೇ ನಿಂತಿತ್ತು, ಹತ್ತಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ದೇವರು ದೊಡ್ಡವನು, ಹತ್ತಲಿಲ್ಲ.

ಹೊನ್ನವ್ವ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಹೆಜ್ಜೆ ಸಪ್ಪಳಕ್ಕೆ ಕೈ ಚಾಚಿದಳು. ಅವನು ಮುಂದೆ ಕುಳಿತು ರಟ್ಟೆ ಕೊಟ್ಟ. ಅವಳು ಅಮುಕಿದಳು. ಇನ್ನೊಮ್ಮೆ ಅಮುಕಿದಳು. ಬೆರಳು ಅಲ್ಲೇ ನಿಂತವು.

"ಇದು ನಿನ್ನ ರಟ್ಟಿ ಅಲ್ಲ."

ತಾನೇ ತೋಳಿನ ಗುಂಡಿ ಬಿಚ್ಚಿ, ತೋಳು ಮೇಲಕ್ಕೆ ಮಡಿಸಿ, ಪಟ್ಟಿಯ ತುದಿ ಹುಡುಕಿ ಬಿಡಿಸತೊಡಗಿದಳು. ಅವನಿಗೆ ಅವಳ ಕೈ ತಡೆಯಲಾಗಲಿಲ್ಲ, ಐದು ವರ್ಷದ ಮಗುವಿನ ಹಾಗೆ ಸುಮ್ಮನೆ ಕುಳಿತ. ಕೊನೆಯ ಸುತ್ತು ಬಿಚ್ಚಿದಾಗ ತೊಗಲು ಅವಳ ಅಂಗೈಗೆ ಜೋತು ಬಿತ್ತು.

"ಎಷ್ಟು ದಿನ ಅಂದಾರ ಡಾಕ್ಟರ್?" ಎಂದಳು.

ಅವನು ಬಡಬಡ ಎಲ್ಲ ಹೇಳಿದ. ಸಕ್ಕರೆ, ತೂಕ, ತಾನೇ ಬೇಕೆಂದು ಇಳಿಸಿದ್ದು, ಡಾಕ್ಟರ್ ಬೈದದ್ದು, ಈಗ ತೊಂಬತ್ತಮೂರು ಕಿಲೋ ಆಗಿರುವುದು, ಸಕ್ಕರೆ ಹಿಡಿತಕ್ಕೆ ಬಂದಿರುವುದು. ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು.

"ನಿಮ್ಮಪ್ಪನೂ ಹಿಂಗ ಹೇಳ್ತಿದ್ದ. ಕಡೀಗೆ ಒಂದು ತಂಬಗಿ ನೀರು ಎತ್ತಾಕ ಆಗಲಿಲ್ಲ ಅವಂಗ."

ಕಲ್ಮೇಶನಿಗೆ ಏನು ಹೊಕ್ಕಿತೋ, ಎದ್ದು ನಿಂತ. ಬಗ್ಗಿ, ಒಂದು ಕೈ ಬೆನ್ನಿಗೆ, ಒಂದು ಕೈ ಮೊಣಕಾಲಿನ ಕೆಳಗೆ ಕೊಟ್ಟು ಅವ್ವನನ್ನು ಎತ್ತಿದ. ಎರಡು ಕಲ್ಲಿನ ಭಾರ ಇರಬಹುದು ಎಂದುಕೊಂಡಿದ್ದ, ಅದು ಅವನಿಗೆ ರೂಢಿಯ ಭಾರ. ಆದರೆ ಎತ್ತಿದ ಕೂಡಲೆ ಕೈಗೆ ಗೊತ್ತಾಯಿತು. ಎರಡು ಕಲ್ಲಿನಷ್ಟೂ ಇರಲಿಲ್ಲ, ಒಂದೂವರೆಯೂ ಕಷ್ಟ. ಇಪ್ಪತ್ತೆರಡು ವರ್ಷ ತೂಕ ನೋಡಿದವನ ಅಂದಾಜು ಅದು, ತಪ್ಪುವುದಿಲ್ಲ. ತಾನು ಮುಚ್ಚಿಟ್ಟ ಐದು ಅಮವಾಸ್ಯೆಗಳಲ್ಲಿ ಸೊರಗಿದವಳು ಇವಳು. ಅವನ ಕಣ್ಣಲ್ಲಿ ನೀರು ಬಂತು. ಇಳಿಸಲಿಲ್ಲ, ಪಡಸಾಲೆಯ ಆ ತುದಿಗೆ ಹೋಗಿ, ತಿರುಗಿ ಬಂದ.

ಹೊನ್ನವ್ವ ಮೊದಲು ಅಂಜಿ ಅವನ ಕೊರಳು ಹಿಡಿದಳು. ಆಮೇಲೆ ಒಂದು ಕೈ ಸಡಿಲಿಸಿ ರಟ್ಟೆ ತಡವಿದಳು. ಜೋತ ತೊಗಲನ್ನು ಸರಿಸಿ ಒಳಗೆ ಒತ್ತಿದಳು. ಭಾರ ಹೊತ್ತ ರಟ್ಟೆ ಕಲ್ಲಿನಂತೆ ಬಿಗಿದಿತ್ತು.

"ಒಳಗ ಗಟ್ಟಿ ಐತಿ," ಎಂದಳು. ಇನ್ನೊಮ್ಮೆ ಒತ್ತಿದಳು. "ನಿಮ್ಮಪ್ಪಂದು ಒಳಗೂ ಇರಲಿಲ್ಲ."

ಕೆಳಗೆ ಕುಳ್ಳಿರಿಸಿದ ಮೇಲೆ ಬಿಚ್ಚಿದ ಪಟ್ಟಿಯನ್ನು ಬೆರಳಲ್ಲಿ ಆಡಿಸಿ, ಅಂಚು ತಡವಿ, ಗುರುತು ಹಿಡಿದಳು. ಹೊಟ್ಟೆಗೆ ಸುತ್ತಿದ್ದನ್ನೂ ಬಿಚ್ಚಿಸಿದಳು. ಗುಳ್ಳೆಗಳು ಕೈಗೆ ಹತ್ತಿ ಹಲ್ಲು ಕಚ್ಚಿದಳು. ಆಮೇಲೆ ಅವನ ಕೈ ಹಿಡಿದು ತನ್ನ ನಿರಿಗೆಯ ಮೇಲೆ, ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅಲ್ಲಿ ತೊಗಲು ಮಡಿಕೆ ಮಡಿಕೆಯಾಗಿ ಜೋತಿತ್ತು.

"ನಿನ್ನ ಹಡದಾಗ ಐದು ತಿಂಗಳ ಕಟ್ಟಿದ್ರು ಇದನ್ನ. ನನಗ ನಿಲ್ಲಲಿಲ್ಲ, ನಿನಗ ನಿಂತೀತೇನು? ಜೋತ ಹೊಟ್ಟಿ ಹೊತ್ತಕೊಂಡ ಇಷ್ಟು ವರ್ಷ ಬಾಳೇವಿ ಮಾಡೇನಿ ನಾ."

ಅಷ್ಟು ಹೇಳಿದವಳು ತನ್ನ ಹೊಟ್ಟೆಯ ಮಡಿಕೆಯನ್ನು ತಾನೇ ಇನ್ನೊಮ್ಮೆ ತಡವಿಕೊಂಡಳು. ತನ್ನ ಮಾತನ್ನು ತಾನೇ ಆಗಷ್ಟೇ ಕೇಳಿಸಿಕೊಂಡಳೇನೋ. ಆಮೇಲೆ, ಊಟಕ್ಕೆ ಎಡೆ ಮಾಡಿರಿ ಎಂದು ಒಳಗೆ ಕೂಗಿದಳು.

ತಾಟು ಬಂತು. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಎಂದಿನ ಹಾಗೆ ಮುಷ್ಟಿ ತುಂಬ ತುತ್ತು ಮಾಡಿದಳು. ಕೈ ಅವನ ಬಾಯಿಯ ಹತ್ತಿರ ಬಂದು ನಿಂತಿತು. ಹಿಂದಕ್ಕೆ ತೆಗೆದುಕೊಂಡು ತುತ್ತನ್ನು ಎರಡು ಮಾಡಿದಳು.

"ಇಷ್ಟು ಸಾಕಲ್ಲೇನೋ?" ಎಂದಳು.

ಅವನು ಬಾಯಿ ತೆರೆದು ತಿಂದ. ಆಮೇಲೆ ಅವಳ ಕೈಯಲ್ಲಿ ಉಳಿದ ಅರ್ಧವನ್ನು ತೆಗೆದುಕೊಂಡು ಅವಳ ತುಟಿಗೆ ಹಿಡಿದ. ಹೊನ್ನವ್ವ ಒಂದು ಕ್ಷಣ ತಡೆದು, ಬಾಯಿ ತೆರೆದಳು.